ಕುಬೇರಪ್ಪನ ಒಂದು ತಾಸು

ಲಕ್ಷ್ಮೇಶ್ವರದ ಇತಿಹಾಸ ಬರೆಯಲು ಮುಂದೆ ಯಾರಾದರೂ ಕುಳಿತರೆ, ಶಾಸನಗಳು, ಬಸದಿಗಳು, ಸೋಮೇಶ್ವರ ಗುಡಿಯ ಕಂಬಗಳು ಎಲ್ಲ ಮುಗಿದ ಮೇಲೆ ಒಂದು ಅಧ್ಯಾಯದಷ್ಟು ಜಾಗ ಖಾಲಿ ಬಿಟ್ಟುಕೊಳ್ಳುವುದು ಒಳ್ಳೆಯದು. ಅಲ್ಲಿ ಚರ್ಚೆಯಾಗಬೇಕಾದ ವಿಷಯ ಇಷ್ಟೇ: ಕಾಳಿನ ವ್ಯಾಪಾರಿ ಕುಬೇರಪ್ಪ ಮಧ್ಯಾಹ್ನದ ಊಟ ಮುಗಿಸಿದ ಕೂಡಲೇ ಚಹಾ ಕುಡಿಯಬೇಕೋ, ಒಂದು ತಾಸು ಬಿಟ್ಟು ಕುಡಿಯಬೇಕೋ. ಈ ಪ್ರಶ್ನೆಯ ಮೇಲೆ ಬಜಾರು ಒಂದು ಮಳೆಗಾಲವಿಡೀ ಎರಡು ಪಂಗಡವಾಗಿತ್ತು. ಎರಡು ಮನೆತನಗಳ ಬೀಗತನ ಅಲುಗಾಡಿತ್ತು. ಒಂದು ಟ್ರ್ಯಾಕ್ಟರ್ ಹೆಸರುಕಾಳು ಇಳಿಯಲೂ ಆಗದೆ, ಹಿಂದಕ್ಕೆ ಹೋಗಲೂ ಆಗದೆ ಬಿಸಿಲಲ್ಲಿ ನಿಂತಿತ್ತು.

ಶುರುವಾದದ್ದು ಚಹಾದಿಂದಲ್ಲ, ರಕ್ತದಿಂದ.

ಕುಬೇರಪ್ಪನ ಮಗನಿಗೆ ಶಿಗ್ಲಿಯ ರೈತ ದ್ಯಾಮಪ್ಪನ ಮಗಳು ಅಂಕಿತಾಳನ್ನು ತಂದಿದ್ದರು. ಬೀಗರಾದವರು ಒಬ್ಬರನ್ನೊಬ್ಬರು ಚುಡಾಯಿಸುವುದು ಈ ಕಡೆ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು. ಚುಡಾಯಿಸದೆ ಸುಮ್ಮನಿದ್ದರೆ ಏನೋ ಬಿರುಕು ಬಿದ್ದಿದೆ ಎಂದು ಜನ ತಿಳಿಯುತ್ತಾರೆ. ಮದುವೆಯ ಊಟದ ಪಂಕ್ತಿಯಲ್ಲಿ ದ್ಯಾಮಪ್ಪ, ತಕ್ಕಡಿ ಹಿಡಿದು ಕೂತವರ ಮೈಯಾಗ ರಕ್ತ ಎಲ್ಲಿಂದ ಬರಬೇಕು, ಹಿಟ್ಟಿನ ಧೂಳ ಇರತೈತಿ ಅಷ್ಟ, ಎಂದಿದ್ದ. ಅದು ಸುಳ್ಳೆಂದು ತೋರಿಸಲು ಕುಬೇರಪ್ಪ ಆ ವರ್ಷದ ಸಂಕ್ರಮಣದ ರಕ್ತದಾನ ಶಿಬಿರದಲ್ಲಿ ಕಾಟಿನ ಮೇಲೆ ಮಲಗಿದ. ಬಾಜೂ ಕಾಟಿನ ಮೇಲೆ ದ್ಯಾಮಪ್ಪನೂ ಮಲಗಿದ. ಯಾರ ಚೀಲ ಮೊದಲು ತುಂಬುವುದೋ ಅವರು ಗೆದ್ದಂತೆ. ಸೋತವರು ಮಿರ್ಚಿ ಭಜಿ ಕೊಡಿಸಬೇಕು.

ಅಲ್ಲಿಂದ ಇಬ್ಬರಿಗೂ ಅದರ ಚಟ ಹತ್ತಿತು. ಕಾಯಿದೆ ಪ್ರಕಾರ ಮೂರು ತಿಂಗಳು ಕಳೆದರೆ ಸಾಕು, ಶಿರಹಟ್ಟಿಯಲ್ಲಿ ಶಿಬಿರವಿದ್ದರೆ ಶಿರಹಟ್ಟಿಗೆ, ಮುಂಡರಗಿಯಲ್ಲಿದ್ದರೆ ಮುಂಡರಗಿಗೆ. ಮುಂಡರಗಿಯ ಸ್ವಂತ ಅತ್ತಿಗೆಯ ಮನೆಯ ಗೃಹಪ್ರವೇಶಕ್ಕೆ ಅಂಗಡಿ ಬಿಟ್ಟು ಬರಲಾಗದು ಎಂದು ಹೇಳಿ ಕಳಿಸಿದ್ದ ಕುಬೇರಪ್ಪ, ಅದೇ ವಾರ ಅದೇ ಊರಿನ ಶಿಬಿರಕ್ಕೆ ಮೊದಲ ಬಸ್ಸಿಗೆ ಹೋಗಿ, ಅತ್ತಿಗೆಯ ಮನೆಯ ಮುಂದೆಯೇ ಇಳಿದಿದ್ದ. ಇಂಥ ದಾನದಲ್ಲಿ ಪುಣ್ಯ ಎಷ್ಟು ಬರುತ್ತದೋ ಗೊತ್ತಿಲ್ಲ; ರಕ್ತವಂತೂ ಯಾರಿಗೋ ಉಪಯೋಗವಾಗುತ್ತಿತ್ತು.

ಹೀಗೆ ನಡೆದಿರಲಾಗಿ, ಹೋದ ವರ್ಷದ ಸಂಕ್ರಮಣದ ಶಿಬಿರದಲ್ಲಿ ಗುಲ್ನಾಜ ಅವನ ಬೆರಳು ಚುಚ್ಚಿದಳು. ಗುಲ್ನಾಜ ಗದಗಿನಿಂದ ಬರುವ ಲ್ಯಾಬಿನ ಹುಡುಗಿ. ಪ್ರತಿ ಶಿಬಿರದಲ್ಲೂ ಮೊದಲು ಬೆರಳು ಚುಚ್ಚಿ, ಹನಿ ರಕ್ತವನ್ನು ಅಂಗೈಯಗಲದ ಮಶಿನ್ನಿಗೆ ಹಾಕಿ, ಹಿಮೋಗ್ಲೋಬಿನ್ ಎಷ್ಟಿದೆ ನೋಡುವವಳು. ಹನ್ನೆರಡೂವರೆ ಇರದವರನ್ನು ಅವಳು ಕಾಟಿನ ತನಕ ಬಿಡುವುದಿಲ್ಲ. ಕುಬೇರಪ್ಪನದು ಹನ್ನೊಂದೂವರೆ ಬಂತು.

ಜೀವಮಾನವಿಡೀ ತಕ್ಕಡಿಯ ಜೊತೆ ಕಳೆದ ಮನುಷ್ಯ. ಮುಳ್ಳು ಕೆಳಗೆ ಇಳಿದಾಗ ಏನು ಹೇಳಬೇಕೆಂಬುದು ಅವನಿಗೆ ಬಾಯಿಪಾಠ. ಕಾಟಾ ತಪ್ಪೈತಿ, ಇನ್ನೊಂದ್ ಕೈಯಾಗಿಂದ ತೂಗವಾ, ಎಂದ. ಅವಳು ಹಾಗೇ ಆಗಲೆಂದು ಇನ್ನೊಂದು ಕೈಯ ಬೆರಳು ಚುಚ್ಚಿದಳು. ಅದರಲ್ಲಿ ಇನ್ನೂ ಒಂದು ಪಾಯಿಂಟ್ ಕಡಿಮೆ ಬಂತು. ಅಷ್ಟು ಹೊತ್ತಿಗೆ ಕಾಟಿನ ಮೇಲೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ದ್ಯಾಮಪ್ಪ ಈ ಕಡೆ ಹೊರಳಿ ನೋಡುತ್ತಿದ್ದ. ಅವನು ಏನೂ ಅನ್ನಲಿಲ್ಲ. ಬೀಗ ಏನೂ ಅನ್ನದೇ ಇರುವುದು ಎಷ್ಟು ಕೆಟ್ಟದ್ದೆಂದು ಅನುಭವಿಸಿದವರಿಗೇ ಗೊತ್ತು.

ಅನ್ನುವುದನ್ನು ಅವನು ಎಂಟು ದಿನ ಬಿಟ್ಟು ಕಳಿಸಿದ. ತವರಿಗೆ ಹೋಗಿದ್ದ ಅಂಕಿತಾ ಶಿಗ್ಲಿಯಿಂದ ಬರುವಾಗ ಸ್ಟೀಲಿನ ದೊಡ್ಡ ಡಬ್ಬಿ ತಂದಳು. ಅದರ ತುಂಬ ಅಂಟಿನ ಉಂಡಿ: ಬಾಣಂತಿಯರಿಗೆ ಮಾಡಿಕೊಡುವ, ಕೊಬ್ಬರಿ, ಉತ್ತತ್ತಿ, ಅಂಟು, ಬೆಲ್ಲದ ಉಂಡಿ. ಇದೇನವಾ ಎಂದು ಮಾವ ಕೇಳಿದ್ದಕ್ಕೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು, ಅಪ್ಪ ಹೇಳಿ ಕಳಿಸಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು: "ಬಾಣಂತಿ ದಿನಾ ಎರಡು ಉಂಡಿ ತಿನ್ಲಿ. ತಲೀಗೆ ಬಟ್ಟಿ ಕಟ್ಟಿಕೊಳ್ಳಲಿ. ಗಾಳಿಗೆ ಕುಂಡ್ರೂದು ಬ್ಯಾಡ."

ಕುಬೇರಪ್ಪ ಡಬ್ಬಿಯನ್ನು ನೋಡಿದ. ತಿರುಗಿ ಕಳಿಸುವ ಮನಸ್ಸಾಯಿತು. ಆದರೆ ಉಂಡಿಗಳಲ್ಲಿ ಏನೂ ತಪ್ಪಿರಲಿಲ್ಲವಾದ್ದರಿಂದ ತಿಂದು ಮುಗಿಸಿದ. ಬೀಗನಿಗೆ ಮಾತ್ರ, ಆ ಮಶಿನ್ನೇ ಖೊಟ್ಟಿ, ಅವತ್ತು ಚುಚ್ಚಿಸಿಕೊಂಡವರಿಗೆಲ್ಲ ಹಾಗೇ ಬಂದಿತ್ತಂತೆ, ಎಂದು ಹೇಳಿ ಕಳಿಸಿದ.

ಒಳಗೊಳಗೆ ಗದಗಿನ ಡಾಕ್ಟರರ ಬಳಿ ಹೋಗಿ ಬಂದ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಹೊಟ್ಟೆಯಲ್ಲೆಲ್ಲೂ ರಕ್ತ ಸೋರುತ್ತಿಲ್ಲ, ಬೇರೆ ಬೇನೆ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಏನು ಉಣ್ಣುತ್ತೀರಿ ಎಂದು ಕೇಳಿದರು. ರಕ್ತಕ್ಕೆ ಕಬ್ಬಿಣದ ಅಂಶ ಬೇಕು. ಬೇಕಾಗುವುದು ಉಗುರಿನ ತುದಿಯಲ್ಲಿ ನಿಲ್ಲುವುದಕ್ಕಿಂತ ಕಡಿಮೆ, ಆದರೆ ಅಷ್ಟು ದಿನವೂ ಬೇಕು. ನೀವು ಮೂರು ತಿಂಗಳಿಗೊಮ್ಮೆ ಚೀಲಗಟ್ಟಲೆ ತೆಗೆಯುತ್ತೀರಿ, ತುಂಬುವುದು ಮಾತ್ರ ಇಲ್ಲ ಎಂದರು. ಈ ವರ್ಷ ಯಾವ ಶಿಬಿರಕ್ಕೂ ಹೋಗಕೂಡದು; ಮೊದಲು ಊಟ ಸುಧಾರಿಸಲಿ, ಏರದಿದ್ದರೆ ಗುಳಿಗೆ ನೋಡೋಣ. ಕಾಳು, ತಪ್ಪಲುಪಲ್ಯ, ಸಜ್ಜಿ, ಎಳ್ಳು ಉಣ್ಣಿರಿ, ಊಟದ ಜೊತೆ ಲಿಂಬೆಹಣ್ಣಿನಂಥ ಹುಳಿ ಇರಲಿ, ಅದು ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ ಎಂದರು. ಏಳುವ ಹೊತ್ತಿಗೆ ಇನ್ನೊಂದು ಮಾತು ಸೇರಿಸಿದರು: ಊಟದ ಬೆನ್ನಿಗೇ ಚಹಾ ಬೇಡ, ಹಿಂದೆ ಮುಂದೆ ಒಂದು ತಾಸು ಇರಲಿ.

ಈ ಪಥ್ಯವನ್ನು ಕುಬೇರಪ್ಪ ಮನೆಯಲ್ಲಿ ಗಂಭೀರವಾಗಿ ಓದಿ ಹೇಳಿದಂತೆ ಹೇಳಿದ. ಹೆಂಡತಿ ಬನಶಂಕರೆವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕೇಳಿಸಿಕೊಂಡಳು.

"ಇಷ್ಟು ಕೇಳಾಕ ಗದಗಕ್ಕ ಹೋಗಿದ್ರೇನು? ಇದೆಲ್ಲಾ ನಿಮ್ಮ ಅಂಗಡ್ಯಾಗ ಐತಲ್ರಿ."

ಇತ್ತು. ಮಡಕಿಕಾಳು, ಹೆಸರು, ಅಲಸಂದಿ, ಕಡಲಿ, ಸಜ್ಜಿ, ಎಳ್ಳು, ಗುರೆಳ್ಳು, ಅಗಸಿ ಎಲ್ಲ ಚೀಲ ಚೀಲ ಬಾಯಿ ತೆರೆದುಕೊಂಡು ಅವನ ಸುತ್ತಲೇ ಕೂತಿದ್ದವು. ಆದರೆ ಮಾರುವ ಮಾಲನ್ನು ಉಣ್ಣುವ ಮಾಲು ಎಂದು ಅವನು ಯಾವತ್ತೂ ನೋಡಿರಲಿಲ್ಲ. ವ್ಯಾಪಾರ ಕೈಹತ್ತಿದ ಮೇಲೆ ಅವನ ಮಧ್ಯಾಹ್ನದ ಡಬ್ಬಿಯಲ್ಲಿ ಬೆಳ್ಳನೆಯ ಸಣ್ಣಕ್ಕಿ ಅನ್ನ, ತಿಳಿಸಾರು, ಹಪ್ಪಳ. ರೊಟ್ಟಿ, ಕಾಳುಪಲ್ಯ ಎಂದರೆ ಕಷ್ಟದ ದಿನಗಳ ನೆನಪು. ಬನಶಂಕರೆವ್ವನಿಗೆ ಈ ಅನ್ನದ ದೌಲತ್ತು ಮೊದಲಿನಿಂದಲೂ ಸೇರಿರಲಿಲ್ಲ. ಈಗ ಡಾಕ್ಟರರ ಬೆಂಬಲವೂ ಸಿಕ್ಕಿದ್ದರಿಂದ ಅವಳು ಅಟ್ಟದ ಮೇಲಿನ ಕಬ್ಬಿಣದ ಬುಟ್ಟಿಯನ್ನು, ಅಂದರೆ ಹಳೇ ಬಾಣಲಿಯನ್ನು, ಇಳಿಸಿ, ತಿಕ್ಕಿ, ಅದರಲ್ಲೇ ಹುಳಿಸೊಪ್ಪಿನ ಪುಂಡಿಪಲ್ಯ ಕುದಿಸಿದಳು. ಮೊಳಕೆ ಬರಿಸಿದ ಮಡಕಿ, ರಾಜಗಿರಿ, ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಗುರೆಳ್ಳಿನ ಚಟ್ನಿ, ಹೊಲದಿಂದ ಬಂದ ಹಸಿ ಹಕ್ಕರಕಿ ಸೊಪ್ಪು, ಅರ್ಧ ಲಿಂಬೆಹಣ್ಣು. ಎರಡು ಅಂತಸ್ತಿನ ಡಬ್ಬಿ ನಾಲ್ಕು ಅಂತಸ್ತಾಯಿತು. ಕುಬೇರಪ್ಪ ಮೊದಲ ವಾರ ಗೊಣಗುತ್ತ ಉಂಡ, ಎರಡನೆಯ ವಾರ ಸುಮ್ಮನೆ ಉಂಡ, ಆಮೇಲೆ ಹಕ್ಕರಕಿ ಯಾಕ ಇಲ್ಲ ಎಂದು ಕೇಳತೊಡಗಿದ.

ಊಟ ಇಷ್ಟು ಸಲೀಸಾಗಿ ಸುಧಾರಿಸಿತು. ಉಳಿದದ್ದು ಚಹಾ.

ಆ ಬಜಾರಿನಲ್ಲಿ ಚಹಾ ಎಂದರೆ ಕುಡಿಯುವ ವಸ್ತು ಎಂದು ತಿಳಿದವನು ಹೊಸಬ. ರೈತನಿಗೂ ವ್ಯಾಪಾರಿಗೂ ದರ ಕುದುರಿದ ಮೇಲೆ, ಎದುರು ಸಾಲಿನ ಮಕ್ತುಮಸಾಬನ ಹೋಟೆಲಿನಿಂದ ಒಂದೇ ಒಂದು ಚಹಾ ಬರುತ್ತದೆ. ಅದನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ: ಕಪ್ಪು ರೈತನಿಗೆ, ಅದರ ಕೆಳಗಿನ ಬಸಿ ವ್ಯಾಪಾರಿಗೆ. ಬಸಿ ಖಾಲಿಯಾಗಿ ಕೆಳಗೆ ಬಂತೆಂದರೆ ಮಾತು ಪಕ್ಕಾ. ಆಮೇಲೆ ಚೀಲ ಇಳಿಸಬಹುದು. ಬಸಿ ತುಂಬಿಯೇ ಉಳಿದರೆ ದರ ಮುರಿದಂತೆ. ಇದಕ್ಕೆ ರಸೀದಿ ಇಲ್ಲ, ಸಾಕ್ಷಿ ಇಲ್ಲ, ತಪ್ಪಿದ ಉದಾಹರಣೆಯೂ ಇಲ್ಲ. ತೊಂದರೆ ಎಂದರೆ, ಮುಂಜಾನೆಯ ಬಸ್ಸಿಗೋ ಟ್ರ್ಯಾಕ್ಟರಿಗೋ ಬಂದ ರೈತರ ಚೌಕಾಸಿ ಹದಕ್ಕೆ ಬರುವುದು ಸರಿಯಾಗಿ ಕುಬೇರಪ್ಪ ಡಬ್ಬಿ ಮುಚ್ಚಿ ಕೈತೊಳೆಯುವ ಹೊತ್ತಿಗೆ. ಎಷ್ಟೋ ವರ್ಷಗಳಿಂದ ಅವನ ಊಟದ ಕೊನೆಯ ತುತ್ತಿನ ಬೆನ್ನಿಗೆ ಒಂದಲ್ಲ, ಮೂರು ನಾಲ್ಕು ಬಸಿ ಚಹಾ ಇಳಿಯುತ್ತಿತ್ತು.

ಅವನು ಉಪಾಯಗಳನ್ನು ಮಾಡದೇ ಇರಲಿಲ್ಲ. ಬೇಗ ಉಣ್ಣಲು ನೋಡಿದ. ಆಗಲೇ ಗಿರಾಕಿ ಬಂದು ನಿಂತರು. ತಡವಾಗಿ ಉಣ್ಣಲು ನೋಡಿದ; ಹಸಿವಿನ ಸಿಟ್ಟಿನಲ್ಲಿ ಮುಳಗುಂದದ ಒಬ್ಬ ಹಳೇ ಗಿರಾಕಿಯ ಕಡಲಿಯನ್ನು ಉಸುಕು ಎಂದು ಬೈದು ಕಳಿಸಿದ. ಬಸಿಯನ್ನು ತುಟಿಗೆ ಮುಟ್ಟಿಸಿ, ಎಲ್ಲರೂ ಬೇರೆ ಕಡೆ ನೋಡುವಾಗ ಪಕ್ಕದ ಚೀಲದ ಮರೆಗೆ ಚೆಲ್ಲಿಯೂ ನೋಡಿದ. ಅದನ್ನು ಮಕ್ತುಮಸಾಬ ಕಂಡುಬಿಟ್ಟ. ಮಾಡಿದ ಚಹಾಕ್ಕೆ ಅವಮಾನವಾದರೆ ಸುಮ್ಮನಿರುವ ಆಸಾಮಿಯಲ್ಲ ಅವನು.

"ಮಡಕಿಕಾಳಿಗೆ ಚಾ ಕುಡಸಾಕತ್ತೀರೇನ್ರಿ ಸಾವ್ಕಾರ? ಹೇಳಿದ್ರ ಅದಕ್ಕ ಬ್ಯಾರೆ ಸಕ್ಕರಿ ಹಾಕಿ ತರತಿದ್ನೆಲ್ಲ."

ಬಜಾರಿಗೆ ಅಷ್ಟು ಸಾಕಾಯಿತು. ಕುಬೇರಪ್ಪ ಬಸಿ ಚೆಲ್ಲುತ್ತಾನೆ, ಅಂದರೆ ಮಾತಿನಲ್ಲಿ ನಿಲ್ಲುವವನಲ್ಲ, ಎಂದು ಒಂದು ಪಂಗಡ. ಇಲ್ಲ, ಅವನಿಗೇನೋ ಬೇನೆ, ಸಕ್ಕರೆ ಬೇನೆಯೇ ಇರಬೇಕು, ಎಂದು ಇನ್ನೊಂದು. ರೈತರು ಅನುಮಾನದಿಂದ ಎದುರಿನ ಕಾಳಿನಂಗಡಿಗೆ ಹೊರಳತೊಡಗಿದಾಗ ಅವನು ಹೆದರಿ ಮತ್ತೆ ಮೊದಲಿನಂತೆ ಬಸಿ ಖಾಲಿ ಮಾಡತೊಡಗಿದ. ಆಷಾಢದಲ್ಲಿ ಗದಗಿಗೆ ಹೋಗಿ ರಕ್ತ ತೋರಿಸಿದರೆ ಹನ್ನೊಂದೂವರೆ ಹೋಗಿ ಹನ್ನೆರಡಕ್ಕೂ ತಲುಪಿರಲಿಲ್ಲ. ಇಷ್ಟು ಪುಂಡಿಪಲ್ಯ ತಿಂದವರಿಗೆ ಇದು ಕಡಿಮೆ ಆಯಿತು, ಚಹಾ ಬಿಟ್ಟಿಲ್ಲ ಅಲ್ಲವೇ, ಎಂದರು ಡಾಕ್ಟರು. ಚಹಾ ಏನು ಮಾಡುತ್ತದೆ ಎಂದು ಅವರು ವಿವರಿಸಿದ್ದನ್ನು ಕುಬೇರಪ್ಪ ತನ್ನ ಭಾಷೆಗೆ ತಿರುಗಿಸಿಕೊಂಡ: ಮಾಲಿನ ಗಾಡಿ ಪ್ಯಾಟಿ ಮುಟ್ಟುವ ಮೊದಲೇ ಊರ ಹೊರಗೆ ತಡೆದು, ಮಾಲನ್ನೆಲ್ಲ ತನ್ನ ಕಡೆ ಹೊರಳಿಸಿಕೊಂಡು ಹೋಗುವ ದಲಾಲಿ. ಅಂಥ ದಲಾಲಿಗಳ ಮೇಲೆ ಅವನಿಗೆ ಮೊದಲಿನಿಂದಲೂ ಸಿಟ್ಟು. ಈಗ ಅಂಥವನೊಬ್ಬನನ್ನು ತಾನೇ ದಿನಾ ಬಸಿಯಲ್ಲಿ ಕುಡಿದು ಒಳಗೆ ಕೂರಿಸುತ್ತಿದ್ದ.

ಸಂಕ್ರಮಣಕ್ಕೆ ಇನ್ನು ಉಳಿದದ್ದು ಅರ್ಧ ವರ್ಷ. ಬಾಜೂ ಕಾಟಿನ ಮೇಲೆ ಮಲಗದೆ ಹೋದರೆ ಎರಡನೆಯ ಡಬ್ಬಿ ಉಂಡಿ ಬರುವುದು ಖಂಡಿತ. ಉಂಡಿ ಬಂದರೂ ತಡೆಯಬಹುದು; ಈ ಸಲ ಜೊತೆಗೆ ಬಾಣಂತಿಯ ಬೇವಿನ ಸೊಪ್ಪಿನ ಸ್ನಾನಕ್ಕೆ ಒಬ್ಬಳು ಮುದುಕಿಯೂ ಬಂದಾಳು.

ಹೆಸರಿನ ಹಂಗಾಮು ಬಂತು. ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ದ್ಯಾಮಪ್ಪನ ಟ್ರ್ಯಾಕ್ಟರು ಅಂಗಡಿಯ ಮುಂದೆ ನಿಂತಿತು. ಕುಬೇರಪ್ಪ ಆಗಷ್ಟೇ ಮಡಕಿ ಪಲ್ಯ, ರೊಟ್ಟಿ ಮುಗಿಸಿ, ಹಿಂಡಿದ ಲಿಂಬೆಹಣ್ಣಿನ ಸಿಪ್ಪೆಯನ್ನು ಡಬ್ಬಿಯ ಮುಚ್ಚಳದಲ್ಲಿ ಇಟ್ಟಿದ್ದ. ಬೀಗರ ನಡುವಿನ ಚೌಕಾಸಿ ಬೇರೆ ಚೌಕಾಸಿಗಿಂತ ಜೋರು. ಸಂಬಂಧವಿದೆ ಎಂದು ಬಿಟ್ಟುಕೊಟ್ಟರು ಎಂಬ ಮಾತು ಇಬ್ಬರಿಗೂ ಬರಬಾರದಲ್ಲ. ಸುತ್ತ ಜನ ಸೇರಿದರು. ಕೊನೆಗೆ ದರ ಕೂಡಿತು. ಮಕ್ತುಮಸಾಬ ಚಹಾ ತಂದು, ಬಸಿಗೆ ಅರ್ಧ ಹೊಯ್ದು, ಈ ಸಲ ಎಲ್ಲಿ ಚೆಲ್ಲುತ್ತಾನೋ ನೋಡೋಣವೆಂದು ಅಲ್ಲೇ ನಿಂತ. ದ್ಯಾಮಪ್ಪ ಕಪ್ಪು ಎತ್ತಿ ಒಂದು ಗುಟುಕು ಕುಡಿದ.

ಕುಬೇರಪ್ಪ ಬಸಿಯನ್ನು ಮುಟ್ಟಲಿಲ್ಲ.

ದ್ಯಾಮಪ್ಪ ಕಪ್ಪು ಕೆಳಗಿಟ್ಟ. ಅವನ ದನಿ ಬಹಳ ಮೆತ್ತಗಿತ್ತು. "ಅಂದ್ರ ದರ ಒಪ್ಪಿಗಿ ಇಲ್ಲೇನ್ರಿ ಬೀಗರ? ಇಲ್ಲಂದ್ರ ಬಾಯಿಲೆ ಹೇಳಬೇಕಿತ್ತು. ಮಂದ್ಯಾಗ ಬಸಿ ಬಿಟ್ಟು ಹೇಳೂದ ಬ್ಯಾಡಾಗಿತ್ತು."

ಟ್ರ್ಯಾಕ್ಟರಿನ ಡ್ರೈವರು ಯಾರೂ ಹೇಳದೇ ಇಂಜಿನ್ ಚಾಲೂ ಮಾಡಿದ. ಒಳಗೆ ಲೆಕ್ಕ ಹಾಕಲು ಕುಬೇರಪ್ಪನಿಗೆ ಹೆಚ್ಚು ಹೊತ್ತು ಸಿಗಲಿಲ್ಲ. ಕುಡಿದರೆ ಇವತ್ತಿನ ಮಡಕಿ ವ್ಯರ್ಥ, ನಾಳೆಯದೂ ವ್ಯರ್ಥ, ಸಂಕ್ರಮಣವೂ ಹೋಯಿತು. ಕುಡಿಯದಿದ್ದರೆ ಬೀಗ ಹೋದ. ಮೂರನೆಯ ದಾರಿ ಇತ್ತು. ಅದು ಖರೆ ಹೇಳುವುದು. ಹತ್ತು ಮಂದಿ ವ್ಯಾಪಾರಿಗಳ ನಡುವೆ ಅದು ಅಷ್ಟು ರೂಢಿಯಲ್ಲಿರಲಿಲ್ಲ.

"ಬೀಗರ, ದರ ಒಪ್ಪಿಗಿ ಐತಿ," ಎಂದ. "ಆದ್ರ ನಾ ಈಗ ಊಟಾ ಮಾಡೇನಿ. ಒಂದ್ ತಾಸು ಕುಂಡ್ರಿ. ಆಮ್ಯಾಲೆ ಕುಡೀತೀನಿ."

"ಯಾಕ, ಈಗ ರಾಹುಕಾಲ ಐತೇನು?"

"ಆ ಮಶಿನ್ ಖರೇನ ಹೇಳಿತ್ತು. ನನ್ನ ರಕ್ತದಾಗ ಕಬ್ಬಿಣ ಸಾಲವಲ್ದು. ತಿಂದದ್ದನ್ನೆಲ್ಲಾ ಈ ಚಾ ಒಯ್ಯತೈತಿ ಅಂತ ಡಾಕ್ಟರ್ ಹೇಳ್ಯಾರ." ಕುಬೇರಪ್ಪ ಬಸಿಯನ್ನು ನೋಡುತ್ತ ಉಳಿದದ್ದನ್ನೂ ಹೇಳಿಬಿಟ್ಟ. "ಸಂಕ್ರಮಣಕ್ಕ ನಿಮ್ಮ ಬಾಜೂ ಕಾಟಿನ ಮ್ಯಾಲ ಮಲಗಬೇಕ್ರಿ ನಾನು."

ಗುಂಪಿನಲ್ಲಿ ಯಾರೋ ನಕ್ಕರು. ದ್ಯಾಮಪ್ಪ ಆ ಕಡೆ ತಿರುಗಿ ನೋಡಿದ, ನಗು ನಿಂತಿತು. ಬೀಗನನ್ನು ನೋಡಿ ನಗುವ ಹಕ್ಕು ಅವನೊಬ್ಬನದು. ಡ್ರೈವರಿಗೆ ಇಂಜಿನ್ ಬಂದ್ ಮಾಡಲು ಕೈ ಮಾಡಿ, ತಾನು ಅಲಸಂದಿ ಚೀಲದ ಮೇಲೆ ಕುಳಿತ.

"ಮಕ್ತುಮ, ಈ ಚಾ ಒಯ್ಯೋ. ತಾಸು ಬಿಟ್ಟು ಬಿಸೀದು ತಾ."

ಇಷ್ಟಕ್ಕೇ ಮುಗಿದಿದ್ದರೆ ಅದು ಸ್ನೇಹದ ಕಥೆಯಾಗುತ್ತಿತ್ತು. ಆದರೆ ಒಂದು ತಾಸು ಎಂದರೆ ಸಣ್ಣ ಹೊತ್ತಲ್ಲ. ಸುಮ್ಮನೆ ಕೂತ ರೈತನಿಗೆ ಯೋಚನೆಗಳು ಬರುತ್ತವೆ. ಸ್ವಲ್ಪ ಹೊತ್ತಿನಲ್ಲೇ ದ್ಯಾಮಪ್ಪ, ಬಸಿ ಇನ್ನೂ ಖಾಲಿಯಾಗಿಲ್ಲ ಅಂದ ಮೇಲೆ ದರವೂ ಇನ್ನೂ ಪಕ್ಕಾ ಆಗಿಲ್ಲ ಅಲ್ಲವೇ, ಎಂದು ಗಾಳಿಗೆ ಕೇಳಿದಂತೆ ಕೇಳಿ, ಸ್ವಲ್ಪ ಏರಿಸಿದ. ಕುಬೇರಪ್ಪನೂ ಸುಮ್ಮನೆ ಕೂತಿರಲಿಲ್ಲ. ಹೆಸರನ್ನು ಬೊಗಸೆಯಲ್ಲಿ ಹಿಡಿದು ಊದಿ, ಮೊದಲು ಕಾಣದಿದ್ದ ಹರಳುಗಳನ್ನು ಒಂದೊಂದಾಗಿ ಹೆಕ್ಕಿ ಬೀಗನ ಮುಂದೆ ಸಾಲಾಗಿ ಇಟ್ಟ. ದರ ಇಳಿಯಿತು. ದ್ಯಾಮಪ್ಪ ಕಾಳಿನ ಬಣ್ಣ ತೋರಿಸಿದ. ಏರಿತು. ಸೇರಿದ ಜನಕ್ಕೆ ಇಂಥ ಎರಡನೆಯ ಆಟ ಹೊಸದು, ಯಾರೂ ಮನೆಗೆ ಹೋಗಲಿಲ್ಲ. ಬಿಸಿ ಚಹಾ ಬರುವ ಹೊತ್ತಿಗೆ ದರ ಸುತ್ತಾಡಿ, ಹೊರಟಲ್ಲಿಗೇ ಬಂದು ನಿಂತಿತ್ತು. ಇಬ್ಬರ ಮುಖದಲ್ಲೂ ಬಹಳ ಗೆದ್ದವರ ಕಳೆ ಇತ್ತು.

ನಡುವೆ ಒಂದು ಸಲ, ಜನ ಮಿರ್ಚಿಗೆಂದು ಎದ್ದು ಹೋಗಿದ್ದಾಗ, ದ್ಯಾಮಪ್ಪ ಶಿರಹಟ್ಟಿಯ ಮಾತು ತೆಗೆದ. ಬೇಸಿಗೆಯಲ್ಲಿ ಒಬ್ಬನೇ ಅಲ್ಲಿಯ ಶಿಬಿರಕ್ಕೆ ಹೋಗಿದ್ದನಂತೆ.

"ಬಾಜೂ ಕಾಟು ಖಾಲಿ ಇತ್ರಿ," ಎಂದ. "ಚೀಲ ತುಂಬಿತು. ಯಾರಿಗೆ ತೋರಸೂದು?"

ಕುಬೇರಪ್ಪ, ಡಾಕ್ಟರು ಪದೇ ಪದೇ ಕೊಡಬೇಡಿ ಎಂದಿದ್ದಾರೆ, ನೀವು ಹೋದರೆ ನನಗೆ ಮನೆಯಲ್ಲಿ ಕೂರಲಾಗುವುದಿಲ್ಲ, ಎಂದ. ಹಾಗಾಗಿ ಆ ಬಸಿಯಲ್ಲಿ ಅವತ್ತು ಎರಡು ಮಾತು ಪಕ್ಕಾ ಆದವು: ಒಂದು ಹೆಸರಿನ ದರ, ಇನ್ನೊಂದು, ಇನ್ನು ಮೇಲೆ ಶಿರಹಟ್ಟಿ ಇಲ್ಲ, ಮುಂಡರಗಿ ಇಲ್ಲ, ವರ್ಷಕ್ಕೊಮ್ಮೆ ಸಂಕ್ರಮಣಕ್ಕೆ ಲಕ್ಷ್ಮೇಶ್ವರ, ಅಷ್ಟೇ. ಕುಬೇರಪ್ಪ ಬಸಿಯನ್ನು ಎಲ್ಲರಿಗೂ ಕಾಣುವಂತೆ ಖಾಲಿ ಮಾಡಿ ಬೋರಲು ಹಾಕಿದ.

ಅಂಗಡಿಯಿಂದ ಜನ ಓಡಿಹೋಗುತ್ತಾರೆಂದು ಅವನು ಅಂದುಕೊಂಡಿದ್ದ. ಆದದ್ದು ಬೇರೆ. ಕುಬೇರಪ್ಪನಲ್ಲಿ ದರ ಕೂಡಿದ ಮೇಲೂ ಒಂದು ತಾಸು ಕುದುರಿಸಲು ಸಿಗುತ್ತದೆ ಎಂಬ ಖಬರು ಹಳ್ಳಿಗಳಿಗೆ ಮುಟ್ಟಿತು. ರೈತರು ಅದಕ್ಕೆಂದೇ ಬಂದರು. ಎದುರಂಗಡಿಯವನು ತನಗೂ ಡಾಕ್ಟರು ಹೇಳಿದ್ದಾರೆಂದು ಬಸಿ ತಡ ಮಾಡತೊಡಗಿದ; ಅವನಿಗೆ ಯಾವ ಡಾಕ್ಟರೂ ಏನೂ ಹೇಳಿರಲಿಲ್ಲ. ಮಕ್ತುಮಸಾಬ ಮಾತ್ರ ಸ್ವಲ್ಪ ದಿನ ಕುಬೇರಪ್ಪನ ಮುಖ ನೋಡಲಿಲ್ಲ. ಆಮೇಲೆ ಕಾಯುವವರಿಗೆ ಲಿಂಬೆ ಶರಬತ್ತು ಮಾಡಿಟ್ಟ. ಅದೂ ಖರ್ಚಾಯಿತು, ತಾಸು ಬಿಟ್ಟು ಚಹಾವೂ ಖರ್ಚಾಯಿತು. ಅವನು ಮಾತಾಡತೊಡಗಿದ.

ಸಂಕ್ರಮಣ ಬಂತು. ಗುಲ್ನಾಜ ಅದೇ ಮಶಿನ್ ತಂದಿದ್ದಳು. ಕುಬೇರಪ್ಪ ಕೇಳದೆಯೇ ಬೆರಳು ಚಾಚಿದ, ಇನ್ನೊಂದು ಕೈಯನ್ನೂ ತಯಾರಿ ಇಟ್ಟುಕೊಂಡಿದ್ದ. ಬನಶಂಕರೆವ್ವ ಮತ್ತು ಅಂಕಿತಾ ಶಾಮಿಯಾನದ ಬಾಗಿಲಲ್ಲಿ ನಿಂತಿದ್ದರು; ಅಂಕಿತಾಳ ಕೈಯಲ್ಲಿ ಮುಚ್ಚಿದ ಸ್ಟೀಲಿನ ಡಬ್ಬಿ ಇತ್ತು. ಅದರಲ್ಲಿ ಉಂಡಿ ಇದ್ದವೋ ಬರೀ ಖಾಲಿಯೋ ಎಂದು ಅವಳು ಮಾವನಿಗೂ ಹೇಳಿರಲಿಲ್ಲ, ಅಪ್ಪನಿಗೂ ಹೇಳಿರಲಿಲ್ಲ. ದ್ಯಾಮಪ್ಪ ಕಾಟಿನ ಮೇಲೆ ಮಲಗದೆ ಕೂತೇ ಇದ್ದ, ಸೂಜಿಯವನಿಗೆ ತಡಿಯಪಾ ಎನ್ನುತ್ತ.

ಮಶಿನ್ ಹದಿಮೂರು ತೋರಿಸಿತು. ಇನ್ನೊಂದು ಕೈ ಬೇಕೇನ್ರಿ ಎಂದು ಗುಲ್ನಾಜ ಕೇಳಿದಳು. ಬೇಡ, ಈ ಕಾಟಾ ಸರಿ ಐತಿ, ಎಂದು ಕುಬೇರಪ್ಪ ಎದ್ದ.

ಇಬ್ಬರೂ ಮಲಗಿದರು. ದ್ಯಾಮಪ್ಪನ ಚೀಲ ಮೊದಲು ತುಂಬಿತು. ಮಿರ್ಚಿ ಕುಬೇರಪ್ಪ ಕೊಡಿಸಿದ.